ನಿಧಾನದ ಓದಿಗೊಂದು ಗ್ರಂಥಾಲಯ, ಅದಕ್ಕೊಂದು ಅವಸರದ ನಿಯಮ

ಬೆಳಗಾವಿ ನಗರದ ಕಥೋಲಿಕ ಧರ್ಮಕೇಂದ್ರವೊಂದು ತನ್ನ ದೇವಾಲಯದ, ಅಂದರೆ ಚರ್ಚಿನ, ಮಗ್ಗುಲಿನ ಕೋಣೆಯಲ್ಲಿ ನಡೆಸುತ್ತಿರುವ ಭಕ್ತಿಗ್ರಂಥಗಳ ಎರವಲು ಗ್ರಂಥಾಲಯವನ್ನು ಬಹಳ ತಿಂಗಳು ಬಳಸಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಪ್ರಚಾರ ಬೇಡವೆಂಬುದು ನಡೆಸುವವರ ಅಪೇಕ್ಷೆಯಾದ್ದರಿಂದ ಹೆಸರು ಹಾಕಿಲ್ಲ. ಆಸಕ್ತಿಯುಳ್ಳವರು ನಗರದ ಯಾವುದೇ ಕಥೋಲಿಕ ದೇವಾಲಯದ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ತಿಳಿದೀತು. ಇಂಥ ಗ್ರಂಥಾಲಯವನ್ನು ಕಪಾಟಿನಲ್ಲಿರುವ ಪುಸ್ತಕಗಳ ಎಣಿಕೆಯಿಂದ ಅಳೆಯುವುದರಲ್ಲಿ ಅರ್ಥವಿಲ್ಲ. ಓದುಗನನ್ನು ಅದು ಒಂದೇ ಪುಸ್ತಕದ ಸಂಗಡ ಎಷ್ಟು ಕಾಲ ಇರಗೊಡುತ್ತದೆ ಎಂಬುದನ್ನು ನೋಡಬೇಕು. ಹಾಗೆ ನೋಡಿದಾಗ ಇಲ್ಲಿ ಮೆಚ್ಚಬೇಕಾದದ್ದು ಬಹಳವಿದೆ, ತಕರಾರೂ ಒಂದಿದೆ, ಅದು ಸಣ್ಣದಲ್ಲ.

ಮೊದಲು ಪುಸ್ತಕಗಳ ಮಾತು. ಪ್ರಾರ್ಥನಾ ಪುಸ್ತಕಗಳು, ನವದಿನದ (ಒಂಬತ್ತು ದಿನಗಳ ಪ್ರಾರ್ಥನೆಯ) ಕಿರುಹೊತ್ತಗೆಗಳು, ಸಂತರ ಚರಿತ್ರೆಗಳು ಯಾವ ಧರ್ಮಕೇಂದ್ರದಲ್ಲಿಯೂ ಸಿಗುತ್ತವೆ. ಇಲ್ಲಿ ಅವುಗಳಿಂದ ಬೇರೆಯಾಗಿ ಎರಡು ಕಪಾಟುಗಳನ್ನು ಶ್ರೇಷ್ಠ ಭಕ್ತಿಗ್ರಂಥಗಳಿಗೆಂದೇ ಮೀಸಲಿಟ್ಟಿದ್ದಾರೆ. ಸಂತ ಅಗಸ್ತೀನರ ಆತ್ಮನಿವೇದನೆ, ಆವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಅಂತರಂಗದ ಕೋಟೆ, ಸಂತ ಫ್ರಾನ್ಸಿಸ್ ದ ಸೇಲ್ಸ್ ಸಂಸಾರಸ್ಥರನ್ನೇ ಮನಸ್ಸಿನಲ್ಲಿಟ್ಟುಕೊಂಡು 1609ರಲ್ಲಿ ಪ್ರಕಟಿಸಿದ ಭಕ್ತಿಜೀವನದ ಪೀಠಿಕೆ, ಬ್ರದರ್ ಲಾರೆನ್ಸ್ ಅವರ ತೆಳ್ಳನೆಯ ಪುಸ್ತಕ, ಇವೆಲ್ಲ ಇಂಗ್ಲಿಷಿನಲ್ಲಿ ಇವೆ. ಆದರೆ ಕಪಾಟಿನ ಜೀವ ಇರುವುದು ಥಾಮಸ್ ಅ ಕೆಂಪಿಸ್ ಅವರ ಕ್ರಿಸ್ತಾನುಕರಣೆಯಲ್ಲಿ. ಅದರ ಪ್ರತಿಗಳು ಹಲವಿವೆ, ಬೇರೆ ಬೇರೆ ಕಾಲದ ಮುದ್ರಣಗಳು. 15ನೆಯ ಶತಮಾನದಲ್ಲಿ ಇಂದಿನ ನೆದರ್ಲ್ಯಾಂಡ್ಸಿನ ಜ್ವೊಲ್ಲೆ ಊರಿನ ಬಳಿಯ ಮಠವೊಂದರಲ್ಲಿ ಬಾಳಿ, 1471ರಲ್ಲಿ ತೀರಿಕೊಂಡ ಈ ಸನ್ಯಾಸಿಯ ಪುಸ್ತಕಕ್ಕೆ ಬೆಳಗಾವಿಯಲ್ಲಿ ಇಷ್ಟು ಪ್ರತಿಗಳೇಕೆ ಎಂದು ಯಾರಾದರೂ ಕೇಳಿದರೆ ಈ ಊರಿನ ಚರಿತ್ರೆಯೇ ಉತ್ತರ ಕೊಡುತ್ತದೆ.

1856ರಲ್ಲಿ ಇಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆ ಯೇಸುಸಭೆಯದು, ಅಂದರೆ ಜೆಸುಯಿಟ್ ಗುರುಗಳದು. ಆ ಸಭೆಯನ್ನು ಸ್ಥಾಪಿಸಿದ ಲೊಯೋಲಾದ ಸಂತ ಇಗ್ನೇಷಿಯಸ್ ಅವರಿಗೆ ಸ್ಪೇನಿನ ಮನ್ರೇಸಾದ ತಪಸ್ಸಿನ ದಿನಗಳಿಂದಲೂ ಕ್ರಿಸ್ತಾನುಕರಣೆ ಅಚ್ಚುಮೆಚ್ಚಿನ ಪುಸ್ತಕ. ಇತ್ತ 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ನಿನ ಕೆಲಸ ಮುಂದೆ ಮೆಥೊಡಿಸ್ಟರ ಕೈಗೆ ಬಂತು; ಮೆಥೊಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ 1735ರಲ್ಲಿ ಇದೇ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರತಂದವರು. ಇನ್ನು ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ಅಲೆದ ವರ್ಷಗಳಲ್ಲಿ ಗೀತೆಯ ಜೊತೆಗೆ ಇದನ್ನೂ ಇಟ್ಟುಕೊಂಡಿದ್ದರು, ಕೆಲವು ಅಧ್ಯಾಯಗಳನ್ನು ಬಂಗಾಳಿಗೆ ತಂದು, ಬರೆದ ಮುನ್ನುಡಿಯಲ್ಲಿ ಇದರ ದಾಸ್ಯಭಕ್ತಿಯನ್ನು ಕೊಂಡಾಡಿದ್ದರು. ಅದೇ ಅಲೆದಾಟದಲ್ಲಿ 1892ರ ಅಕ್ಟೋಬರಿನಲ್ಲಿ ಅವರು ಬೆಳಗಾವಿಗೆ ಬಂದು, ಕೋಟೆಯಲ್ಲಿದ್ದ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದರು. ಕಥೋಲಿಕರು, ಮೆಥೊಡಿಸ್ಟರು, ರಾಮಕೃಷ್ಣಾಶ್ರಮದವರು ಮೂವರೂ ತಮ್ಮದೆನ್ನಬಹುದಾದ ಬೇರೊಂದು ಪುಸ್ತಕ ಈ ಊರಿನಲ್ಲಿ ನನಗೆ ಹೊಳೆಯುತ್ತಿಲ್ಲ.

ಎರವಲು ಪಡೆಯುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಮೂಲದಲ್ಲಿ ನಾಲ್ಕು ಭಾಗಗಳಿವೆ: ಮೊದಲೆರಡು ಉಪದೇಶ, ಮೂರನೆಯದು ಪ್ರಭುವಿಗೂ ಶಿಷ್ಯನಿಗೂ ನಡೆಯುವ ದೀರ್ಘ ಸಂವಾದ, ನಾಲ್ಕನೆಯದು ಪರಮಪ್ರಸಾದದ (ಬಲಿಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಕುರಿತಾದದ್ದು. ಪ್ರೊಟೆಸ್ಟಂಟ್ ಓದುಗರಿಗೆಂದು ಅಚ್ಚಾದ ಎಷ್ಟೋ ಆವೃತ್ತಿಗಳಲ್ಲಿ ನಾಲ್ಕನೆಯ ಭಾಗವನ್ನು ಕೈಬಿಟ್ಟಿರುತ್ತಾರೆ. ಇಲ್ಲಿನ ಕಪಾಟಿನಲ್ಲಿ ಎರಡೂ ಬಗೆಯವು ಅಕ್ಕಪಕ್ಕದಲ್ಲಿ ನಿಂತಿವೆ, ಆದರೆ ಯಾವುದು ಪೂರ್ಣ ಯಾವುದು ಅಪೂರ್ಣ ಎಂಬ ಚೀಟಿ ಎಲ್ಲಿಯೂ ಇಲ್ಲ. ಬೆನ್ನಿನ ಮೇಲೆ ಒಂದು ಬಣ್ಣದ ಪಟ್ಟಿ ಅಂಟಿಸಿದರೆ ಮುಗಿಯುವ ಕೆಲಸವಿದು.

ನನಗೆ ದೊರೆತ ಪ್ರತಿಗೆ ಕಪ್ಪು ರೆಕ್ಸಿನ್ನಿನ ಹೊದಿಕೆ. ಬೆನ್ನು ಹರಿದು ಹೋದದ್ದನ್ನು ಯಾರೋ ದಪ್ಪ ದಾರದಲ್ಲಿ ಹೊಲಿದು ಖಾದಿ ಬಟ್ಟೆಯ ತೇಪೆ ಹಚ್ಚಿದ್ದಾರೆ. ಮೊದಲ ಭಾಗದ 16ನೆಯ ಅಧ್ಯಾಯ, ಅಂದರೆ ಪರರ ಕುಂದುಗಳನ್ನು ಸಹಿಸಿಕೊಳ್ಳುವ ಕುರಿತಾದದ್ದು, ಆ ಪ್ರತಿಯಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ. ನಿನಗೆ ಬೇಕಾದಂತೆ ನಿನ್ನನ್ನೇ ನೀನು ತಿದ್ದಿಕೊಳ್ಳಲಾಗದಿರುವಾಗ ಇನ್ನೊಬ್ಬನು ನಿನ್ನ ಮನಸ್ಸಿಗೆ ಒಪ್ಪುವಂತಿರಬೇಕೆಂದು ಹೇಗೆ ಬಯಸುತ್ತೀ ಎಂಬ ಅರ್ಥದ ಸಾಲಿನ ಕೆಳಗೆ ಮೂರು ಬಗೆಯ ಗೆರೆಗಳಿವೆ: ಮಾಸಿದ ಪೆನ್ಸಿಲ್, ನೇರಳೆಗೆ ತಿರುಗಿದ ಶಾಯಿ, ಇತ್ತೀಚಿನ ಬಾಲ್‌ಪೆನ್. ಎರವಲು ಪುಸ್ತಕದಲ್ಲಿ ಗೆರೆ ಎಳೆಯಬಾರದೆಂಬ ಸೂಚನೆ ಗೋಡೆಯ ಮೇಲಿದೆ, ಅದು ಸರಿಯೇ. ಆದರೂ ಈ ಪ್ರತಿಯನ್ನು ಬದಲಾಯಿಸಿ ಹೊಸದನ್ನು ತರಿಸುತ್ತೇವೆಂದು ಅವರು ಹೇಳಿದರೆ ನಾನು ವಿರೋಧಿಸುತ್ತೇನೆ.

ಈಗ ತಕರಾರು. ಪುಸ್ತಕದ ಅವಧಿ ಹದಿನೈದು ದಿನ, ಒಮ್ಮೆ ಮಾತ್ರ ನವೀಕರಣ, ಅದಾದ ಮೇಲೆ ಹಿಂದಿರುಗಿಸಲೇಬೇಕು. ಕಾದಂಬರಿಗಳ ಗ್ರಂಥಾಲಯಕ್ಕೆ ಹೊಂದುವ ಈ ನಿಯಮ ಭಕ್ತಿಗ್ರಂಥಕ್ಕೆ ಹೊಂದುವುದಿಲ್ಲ. ಕ್ರಿಸ್ತಾನುಕರಣೆಯ ಮೊದಲ ಭಾಗದಲ್ಲಿಯೇ 25 ಅಧ್ಯಾಯಗಳಿವೆ, ಎರಡನೆಯದರಲ್ಲಿ 12, ಮೂರನೆಯದು ಇವೆರಡನ್ನೂ ಕೂಡಿಸಿದರೂ ಮೀರುವಷ್ಟು ದೊಡ್ಡದು. ಅಧ್ಯಾಯಗಳೇನೋ ಚಿಕ್ಕವು, ಒಂದೊಂದು ಐದು ನಿಮಿಷದ ಓದು. ಆದರೆ ದಿನಕ್ಕೆ ಒಂದರಂತೆ ಓದಿ ಉಳಿದ ದಿನವನ್ನೆಲ್ಲ ಅದರ ಜೊತೆ ಕಳೆಯುವುದು ಇದರ ರೂಢಿ. 12ನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗಿಗೋ ಭಕ್ತಿಯ ಓದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು: ಪಠಣ, ಮನನ, ಪ್ರಾರ್ಥನೆ, ಧ್ಯಾನದ ತನ್ಮಯತೆ. ಪಠಣವು ತುತ್ತನ್ನು ಬಾಯಿಗಿಡುತ್ತದೆ, ಮನನವು ಅಗಿಯುತ್ತದೆ, ಪ್ರಾರ್ಥನೆಯು ರುಚಿಯನ್ನು ಹೊರಡಿಸುತ್ತದೆ, ಕೊನೆಯದು ಆ ಸವಿಯೇ ಆಗಿರುತ್ತದೆ ಎಂದು ಅವರು ಬರೆದಿದ್ದಾರೆ. ಹದಿನೈದು ದಿನದ ಗಡುವು ಓದುಗನನ್ನು ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲಿಸಿಬಿಡುತ್ತದೆ. ತಡವಾದರೆ ದಂಡ ಅಲ್ಪವೇ, ದುಡ್ಡಿನ ಪ್ರಶ್ನೆಯೂ ಅಲ್ಲ. ಆದರೆ ಗಡುವಿನ ನೆನಪು ತಲೆಯಲ್ಲಿರುವಾಗ ಮನುಷ್ಯ ಪುಟ ತಿರುಗಿಸುತ್ತಾನೆಯೇ ಹೊರತು ಪುಟದ ಮುಂದೆ ಕೂರುವುದಿಲ್ಲ. ಇಷ್ಟು ಪ್ರತಿಗಳಿರುವ ಪುಸ್ತಕಕ್ಕಾದರೂ ಮೂರು ತಿಂಗಳ ಅವಧಿ ಕೊಡಬಹುದು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನಗಳಿಗೆಂದು ಕೇಳಿದರೂ ರಿಜಿಸ್ಟರ್ ಅದನ್ನು ಒಪ್ಪಲಿಲ್ಲ. ಧ್ಯಾನಕ್ಕೆ ಕರೆಯುವ ಸಂಸ್ಥೆಯೇ ಹೀಗೆ ಅವಸರಪಡಿಸುವುದು ವಿಚಿತ್ರ.

ಈ ಪುಸ್ತಕಗಳ ಹಳೆಯ ಇಂಗ್ಲಿಷ್ ಅನುವಾದಗಳಿಗೆ ಹಕ್ಕುಸ್ವಾಮ್ಯ ಮುಗಿದು ಕಾಲವಾಗಿದೆ, ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಹಾಗಿರುವಾಗ ಅಲ್ಲಿಗೇಕೆ ಹೋಗಬೇಕೆಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಅಲ್ಲಿ ಮೇಜಿನ ಹಿಂದೆ ಕೂರುವ ವಯಸ್ಸಾದ ಧಾರ್ಮಿಕ ಭಗಿನಿ. ಬಂದವರಿಗೆ ಕೇಳಿದ್ದನ್ನು ಹಾಗೆಯೇ ಎತ್ತಿಕೊಡುವ ಪದ್ಧತಿ ಅವರದಲ್ಲ. ಈವರೆಗೆ ಏನು ಓದಿದ್ದೀರಿ, ಯಾವ ಹೊತ್ತಿನಲ್ಲಿ ಓದುತ್ತೀರಿ, ಮನೆಯಲ್ಲಿ ಮೌನವಿರುವ ಜಾಗ ಇದೆಯೇ ಎಂದು ವಿಚಾರಿಸುತ್ತಾರೆ. ಕಾಲೇಜು ವಿದ್ಯಾರ್ಥಿಯೊಬ್ಬ ಅಗಸ್ತೀನರ ಆತ್ಮನಿವೇದನೆ ಬೇಕೆಂದಾಗ ಅವರು ಕೊಟ್ಟ ಸಲಹೆ ನನ್ನ ಕಿವಿಗೂ ಬಿತ್ತು: ಅದರ 13 ಭಾಗಗಳಲ್ಲಿ ಒಂಬತ್ತನೆಯದರ ತನಕ, ಅಂದರೆ ತಾಯಿ ಮೋನಿಕಾ ಓಸ್ತಿಯಾದಲ್ಲಿ ಪ್ರಾಣಬಿಡುವ ತನಕ, ಈಗ ಓದು; ಸ್ಮೃತಿ, ಕಾಲ, ಸೃಷ್ಟಿಯ ವಿಚಾರಗಳಿರುವ ಮಿಕ್ಕ ಭಾಗಗಳನ್ನು ಮುಂದೆಂದಾದರೂ ಓದಿದರಾಯಿತು. ಎಷ್ಟೋ ಓದುಗರು ಕೊನೆಯ ಭಾಗಗಳಲ್ಲಿ ಸೋತು ಇಡೀ ಪುಸ್ತಕವನ್ನೇ ಬಿಟ್ಟುಬಿಡುತ್ತಾರೆ, ಆದ್ದರಿಂದ ಇದು ಬೆಲೆಯುಳ್ಳ ಮಾತು. ಮನೆಗೆಲಸದಿಂದ ಬಿಡುವಿಲ್ಲವೆನ್ನುವ ಮಹಿಳೆಯರಿಗೆ ಅವರು ಬ್ರದರ್ ಲಾರೆನ್ಸ್ ಅವರ ಪುಸ್ತಕ ಕೊಡುತ್ತಾರೆ. ಸೈನಿಕನಾಗಿ ಗಾಯಗೊಂಡು, ಆಮೇಲೆ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಈ ಸಹೋದರ 1691ರಲ್ಲಿ ತೀರಿಕೊಂಡರು. ಪಾತ್ರೆಗಳ ಗದ್ದಲದ ನಡುವೆಯೂ ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗಿನಷ್ಟೇ ನೆಮ್ಮದಿ ತಮಗಿರುತ್ತದೆಂಬ ಅವರ ಮಾತನ್ನು ಕೇಳಿ ಅಡುಗೆಯವರೊಬ್ಬರು, ಅವರಿಗೆ ಸೊಸೆಯಂದಿರು ಇರಲಿಲ್ಲ ಬಿಡಿ, ಎಂದದ್ದೂ ಉಂಟು. ಭಗಿನಿಯವರು ನಕ್ಕರು, ಪುಸ್ತಕವನ್ನು ಮಾತ್ರ ಅವರ ಕೈಗೇ ಇಟ್ಟರು.

ಶನಿವಾರ ಸಂಜೆ ಅದೇ ಕೋಣೆಯಲ್ಲಿ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾರೆ. ಓದುವವರು ಪಾಳಿಯ ಮೇಲೆ ಬದಲಾಗುತ್ತಾರೆ. ಓದಾದ ಮೇಲೆ ಹತ್ತು ನಿಮಿಷ ಮೌನ, ಆಮೇಲೆ ಒಂದು ಕೀರ್ತನೆ, ಅಷ್ಟೇ. ಚರ್ಚೆಯಿಲ್ಲ, ಪ್ರವಚನವಿಲ್ಲ, ಯಾರೂ ತಮ್ಮ ಅನುಭವವನ್ನು ಹೇಳಿಕೊಳ್ಳಬೇಕಾಗಿಲ್ಲ. ಇಡೀ ಸೇವೆಯಲ್ಲಿ ಅತ್ಯುತ್ತಮವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಎರವಲಿನ ಗಡುವು ಕಿತ್ತುಕೊಂಡ ನಿಧಾನವನ್ನು ಈ ಸಂಜೆ ಸ್ವಲ್ಪಮಟ್ಟಿಗೆ ಹಿಂದಿರುಗಿಸುತ್ತದೆ.

ಕನ್ನಡದ ಕಪಾಟಿನ ಸ್ಥಿತಿ ಮಾತ್ರ ಬೇಸರ ತರಿಸುವಂತಿದೆ. ಕನ್ನಡದಲ್ಲಿ ಪ್ರಾರ್ಥನೆಗಳು, ಜಪಸರದ ವಿಧಾನ, ಕೆಲವು ಸಂತಚರಿತ್ರೆಗಳು ಇವೆ. ಶ್ರೇಷ್ಠ ಗ್ರಂಥಗಳೆಂದು ಮೀಸಲಿಟ್ಟ ಕಪಾಟುಗಳಲ್ಲಿ ಕನ್ನಡದ ಪುಸ್ತಕ ಹುಡುಕಿದರೂ ಇಲ್ಲ. ಇಂಗ್ಲೆಂಡಿನ ಪ್ರೊಟೆಸ್ಟಂಟ್ ಲೇಖಕ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ಯಾತ್ರಿಕನ ಕಥೆಯನ್ನು (ಪಿಲ್ಗ್ರಿಮ್ಸ್ ಪ್ರೋಗ್ರೆಸ್) ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಅವರ ಠಾಣೆಗಳಿದ್ದವು. ಅಷ್ಟು ಹತ್ತಿರದಲ್ಲಿ ನಡೆದ ಕೆಲಸದ ಒಂದು ಪ್ರತಿಯೂ ಇಲ್ಲಿ ಇಲ್ಲದಿರುವುದಕ್ಕೆ ಪಂಗಡಭೇದ ಕಾರಣವಾಗಿರಲಾರದು, ವೆಸ್ಲಿಯ ಆವೃತ್ತಿಯನ್ನು ಇಟ್ಟುಕೊಂಡವರಿಗೆ ಬನ್ಯನ್ ಭಾರವಾಗುವುದಿಲ್ಲ. ಇದೇ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯುಟ್ಟು, ಸ್ನಾನಿಕ ಅರುಳಪ್ಪನವರ (ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸಂತ ಯೋಹಾನರ) ಹೆಸರಿನ ವಿರಕ್ತ ಮಠವನ್ನೇ ಕಟ್ಟಿ, ಈ ನೆಲದ ಮಠಸಂಪ್ರದಾಯದೊಳಗೆ ತಮ್ಮ ಭಕ್ತಿಯನ್ನು ಬಾಳಿ ತೋರಿಸಿದ್ದಾರೆ. ಅಂಥ ಜಿಲ್ಲೆಯ ಕೇಂದ್ರದಲ್ಲಿ ಬೈಲಹೊಂಗಲದಿಂದಲೋ ಗೋಕಾಕದಿಂದಲೋ ಬಂದ ಕನ್ನಡದ ಓದುಗನಿಗೆ ನವದಿನದ ಹೊತ್ತಗೆ ಕೊಟ್ಟು ಕಳುಹಿಸುವುದು ಸಾಲದು. ಶನಿವಾರದ ಓದು ಕೂಡ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಆಗೊಮ್ಮೆ ಕೊಂಕಣಿಯಲ್ಲಿ. ಕೇಳಿದರೆ ಕನ್ನಡದಲ್ಲಿ ಸಾರಾಂಶ ಹೇಳುತ್ತಾರೆ, ಆದರೆ ಇಂಥ ಬರಹಗಳಲ್ಲಿ ಸಾರಾಂಶದಿಂದ ದಕ್ಕುವುದು ಬಹಳ ಕಡಿಮೆ.

ಕೋಣೆ ಸ್ವಚ್ಛವಾಗಿದೆ, ಬೆಳಕು ಪರವಾಗಿಲ್ಲ, ಕುರ್ಚಿಗಳು ಮಾತ್ರ ಶಾಲೆಯ ಬೆಂಚುಗಳ ಸಂಬಂಧಿಕರು. ಬೆಳಗಾವಿಯ ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನ ಪುಸ್ತಕಗಳಿಗೆ ಬೂಸಲಿನ ವಾಸನೆ ಹತ್ತಿದೆ. ನುಸಿಗುಳಿಗೆ ಹಾಕಿದ್ದಾರೆ, ಕಪಾಟನ್ನು ಒಂದು ಗೇಣು ಮುಂದಕ್ಕೆ ಸರಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಸದಸ್ಯತ್ವಕ್ಕೆ ಜಾತಿಮತದ ಕಟ್ಟಳೆಯಿಲ್ಲ, ಗುರುತಿನ ಚೀಟಿಯ ನಕಲು ಮತ್ತು ಹಿಂದಿರುಗಿಸುವ ಠೇವಣಿ ಸಾಕು. ಮೊದಲ ಸಲ ಹೋಗುವವರು ಶನಿವಾರ ಓದಿಗೆ ಅರ್ಧ ಗಂಟೆ ಮುಂಚೆ ಹೋಗುವುದು ಒಳ್ಳೆಯದು. ಭಾನುವಾರ ಬಲಿಪೂಜೆ ಮುಗಿದೊಡನೆ ಗದ್ದಲವಿರುತ್ತದೆ, ಭಗಿನಿಯವರಿಗೆ ಮಾತಿಗೆ ಪುರುಸೊತ್ತು ಸಿಗುವುದಿಲ್ಲ.