ಬಾಡಿಗೆ ಮನೆಗೊಂದು ಸಬ್‌ವೂಫರ್: ಆರು ತಿಂಗಳ ಬಳಕೆಯ ನಂತರ

ಮೈಸೂರಿನ ಕುವೆಂಪುನಗರದಲ್ಲಿ ನಾವು ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ, ಮಾಲೀಕರು ನೆಲಮಹಡಿಯಲ್ಲಿದ್ದಾರೆ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಅವರನ್ನು ಕೇಳಬೇಕೆಂದು ಕರಾರಿನಲ್ಲೇ ಬರೆದಿರುವಾಗ, ಹಾಲ್‌ನ ಗೋಡೆಗೆ ಸದ್ದು ಹೀರುವ ಅಕೌಸ್ಟಿಕ್ ಪ್ಯಾನೆಲ್ ಹಾಕಿಸುವ ಮಾತೇ ಇರಲಿಲ್ಲ. ಸಬ್‌ವೂಫರ್ ಎಂದರೆ ಬಾಸ್, ಅಂದರೆ ತಗ್ಗು ಸ್ವರದ ಸದ್ದಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ. ಅಂಗಡಿಯವರು 12 ಇಂಚಿನ ಪೋರ್ಟೆಡ್ (ಗಾಳಿಗೆ ಕಿಂಡಿಯಿರುವ) ಸಬ್‌ವೂಫರನ್ನೇ ಕೊಳ್ಳುವಂತೆ ಒತ್ತಾಯಿಸಿದರೂ, ನಾನು ತಂದದ್ದು 10 ಇಂಚಿನ ಸೀಲ್ಡ್ (ಕಿಂಡಿಯಿಲ್ಲದ) ಪೆಟ್ಟಿಗೆಯನ್ನು.

ಮೊದಲ ವಾರ ನಿರಾಸೆಯಾಯಿತು. ಎಲ್ಲರೂ ಹೇಳುವಂತೆ ಅದನ್ನು ಟಿವಿ ಪಕ್ಕದ ಮೂಲೆಯಲ್ಲಿಟ್ಟಿದ್ದೆ; ಹಾಲ್‌ನ ನಡುವೆ ಸೋಫಾದಲ್ಲಿ ಕುಳಿತ ನನಗೆ ಬಾಸ್ ಕೇಳಿಸಿಯೂ ಕೇಳಿಸದಂತಿತ್ತು. ವಾಲ್ಯೂಮ್ ಏರಿಸುತ್ತಲೇ ಹೋದೆ. ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿ ಮಾಲೀಕರ ಮನೆಯಾಕೆ ಸಿಕ್ಕು, “ರಾತ್ರಿ ಹತ್ತರ ಮೇಲೆ ಗ್ರೈಂಡರ್ ಹಾಕ್ತೀರೇನಪ್ಪಾ?” ಎಂದು ಕೇಳಿದರು.

ತಪ್ಪು ಪೆಟ್ಟಿಗೆಯದಾಗಿರಲಿಲ್ಲ. ನಮ್ಮ ಹಾಲ್‌ನ ಉದ್ದ 14 ಅಡಿ, ಅಂದರೆ ಸುಮಾರು 4.3 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಎದುರುಬದುರು ಗೋಡೆಗಳ ನಡುವೆ 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ) ಆಸುಪಾಸಿನ ಅಲೆ ನೆಲೆನಿಲ್ಲುತ್ತದೆ. ಅದರ ಒತ್ತಡ ಗೋಡೆಗಳ ಹತ್ತಿರ ಅತಿ ಹೆಚ್ಚು, ನಟ್ಟನಡುವೆ ಅತಿ ಕಡಿಮೆ. ಮೂಲೆಯಲ್ಲಿಟ್ಟ ಪೆಟ್ಟಿಗೆ ಆ ಅಲೆಯನ್ನು ಚೆನ್ನಾಗಿ ಕೆರಳಿಸುತ್ತಿತ್ತು, ನಾನು ಮಾತ್ರ ಅದು ಕೇಳಿಸದ ಜಾಗದಲ್ಲೇ ಕುಳಿತಿದ್ದೆ. ನನಗೆ ದಕ್ಕದ ಬಾಸ್ ಕೆಳಮನೆಗೆ ಪೂರ್ತಿ ದಕ್ಕುತ್ತಿತ್ತು.

ಆಮೇಲೆ ಸೋಫಾವನ್ನು ತುಸು ಹಿಂದಕ್ಕೆ ಸರಿಸಿ, ಸಬ್‌ವೂಫರನ್ನು ಅದರ ಬೆನ್ನಿಗೆ ಒಂದು ಗೇಣು ದೂರದಲ್ಲಿಟ್ಟು, ಸ್ಪೀಕರುಗಳನ್ನು ನಡೆಸುವ ರಿಸೀವರಿನಲ್ಲಿ ಕ್ರಾಸ್‌ಓವರ್ (ಯಾವುದಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್ ಎಂದು ಹೊಂದಿಸಿ, ಮೈಕ್ ಇಟ್ಟು ಮತ್ತೆ ಅಳತೆ ಮಾಡಿಸಿದೆ. ಪೆಟ್ಟಿಗೆ ಕಿವಿಯ ಹತ್ತಿರವಿರುವುದರಿಂದ ವಾಲ್ಯೂಮ್ ಬಹಳ ಇಳಿಸಿದರೂ ಸಾಕಾಗುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ದಿಕ್ಕು ಕಿವಿಗೆ ಸುಲಭವಾಗಿ ತಿಳಿಯದ ಕಾರಣ, ಸಿನಿಮಾದ ಸ್ಫೋಟ ಬೆನ್ನ ಹಿಂದಾದಂತೆ ಅನಿಸುವುದೂ ಇಲ್ಲ. ತಮಟೆಯ ಏಟು ಈಗ ಬಿಗಿಯಾಗಿ ಬಿದ್ದು ಅಲ್ಲಿಗೇ ನಿಲ್ಲುತ್ತದೆ, ಎಳೆದಾಡುವುದಿಲ್ಲ. ಸೀಲ್ಡ್ ಪೆಟ್ಟಿಗೆಯ ಈ ಗುಣಕ್ಕಾಗಿಯೇ ನಾನು ಅದನ್ನು ಆರಿಸಿದ್ದು. 30 ಹರ್ಟ್ಸ್‌ಗಿಂತ ಕೆಳಗೆ ಅದಕ್ಕೆ ಹೆಚ್ಚು ಬಲವಿಲ್ಲ. ಎದೆ ನಡುಗಿಸುವ ಬಾಸ್ ಬೇಕೆನ್ನುವವರಿಗೆ ಇದು ಸಾಲದು.

ಕೊರತೆಗಳೂ ಇವೆ. ಸದ್ದು ಕಡಿಮೆಯಿಟ್ಟು ನೋಡುವಾಗ ಆಟೋ ಸ್ಟ್ಯಾಂಡ್‌ಬೈ ಇದನ್ನು ನಿದ್ದೆಗೆ ತಳ್ಳುತ್ತದೆ, ಎಚ್ಚರವಾಗುವಾಗ ‘ದಡ್’ ಎಂದು ಸದ್ದಾಗುತ್ತದೆ. ಸ್ವಿಚ್ಚನ್ನು ಸದಾ ಆನ್‌ನಲ್ಲಿಟ್ಟ ಮೇಲೆ ಆ ಕಾಟ ತಪ್ಪಿತು. ಕೇಬಲ್ ಜಮಖಾನೆಯ ಕೆಳಗೆ ಹಾದುಹೋಗಿದ್ದು, ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿಕೊಳ್ಳುತ್ತದೆ. ಕಾಲಿನಡಿಯ ರಬ್ಬರ್ ಪ್ಯಾಡಿಗೂ ದುಡ್ಡು ಕೊಟ್ಟೆ. ಪೆಟ್ಟಿಗೆಯ ನಡುಕ ನೇರವಾಗಿ ನೆಲಕ್ಕಿಳಿಯುವುದನ್ನು ಅದು ತಗ್ಗಿಸುತ್ತದೆಯೇ ಹೊರತು, ಗಾಳಿಯ ಮೂಲಕ ನೆಲವನ್ನೂ ಗೋಡೆಯನ್ನೂ ತಟ್ಟುವ ಬಾಸನ್ನು ತಡೆಯುವುದಿಲ್ಲ.

ದಸರಾದಲ್ಲಿ ಕೆಳಮನೆಯವರು ನಮ್ಮ ಹಾಲ್‌ನ ನೇರ ಕೆಳಗೇ ಗೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ನಿಂತ ಪಟ್ಟದ ಗೊಂಬೆಗಳನ್ನು ನೋಡಿ ಬಂದವನು, ಆ ಒಂಬತ್ತು ದಿನ ಸಬ್‌ವೂಫರಿನ ಪ್ಲಗ್ಗನ್ನೇ ಕಿತ್ತಿಟ್ಟಿದ್ದೆ. ಗ್ರೈಂಡರಿನ ಮಾತು ಮತ್ತೆ ಬಂದಿಲ್ಲ.