ಎಕ್ಸಿಬಿಷನ್‌ನಲ್ಲಿ ತಗೊಂಡ ಹಾಯಿ ಹಡಗು: ನೋಡಕ್ಕೆ ಸಖತ್, ಗಾಳಿ ಲೆಕ್ಕ ಮಾತ್ರ ಉಲ್ಟಾ

ಮೈಸೂರು ದಸರಾ ಎಕ್ಸಿಬಿಷನ್‌ನಲ್ಲಿ ಒಂದು ಸ್ಟಾಲಲ್ಲಿ ತಗೊಂಡಿದ್ದು. 2,500 ಹೇಳಿದ್ರು, ನಮ್ಮನೆಯವ್ರು ಚೌಕಾಸಿ ಮಾಡಿ 1,800ಕ್ಕೆ ಇಳಿಸಿದ್ರು. ಒಂದೂವರೆ ಅಡಿ ಉದ್ದ, ಮೂರು ಕಂಬ, ನಡುವಿನ ದೊಡ್ಡ ಹಾಯಿ ಮೇಲೆ ನಮ್ ಗಂಡಭೇರುಂಡ. 2025ರ ಮೇನಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗಿನ ಹಾಯಿ ಮೇಲೂ ಗಂಡಭೇರುಂಡ ಇದೆಯಲ್ಲ, ಅದನ್ನ ನೋಡಿ ಬರೆದಿರ್ಬೇಕು. ಆದ್ರೆ ಅದು ಹಲಗೆಗಳನ್ನ ನಾರಿನ ಹಗ್ಗದಲ್ಲಿ ಹೊಲಿದು ಮಾಡಿರೋ ಹಡಗು, ಇದು ಪೂರ್ತಿ ಯುರೋಪ್ ಕಡೆ ಸ್ಟೈಲು.

ಮರದ ಕೆಲಸಕ್ಕೆ ಕೈ ಮುಗೀಬೇಕು ಕಣ್ರೀ, ಪಾಲಿಶ್ ಎಲ್ಲೂ ಗಂಟಾಗಿಲ್ಲ, ದಾರದ ಏಣಿ ಕೂಡ ಒಂದೊಂದು ಗಂಟು ಹಾಕಿ ಮಾಡಿದಾರೆ.

ಎಡವಟ್ಟಾಗಿರೋದು ಬಾವುಟದಲ್ಲಿ. ಹಾಯಿಗಳೆಲ್ಲ ಮುಂದಕ್ಕೆ ಉಬ್ಬಿವೆ, ಅಂದ್ರೆ ಗಾಳಿ ಹಿಂದಿಂದ ಬರ್ತಿದೆ ಅಂತ ತಾನೆ, ಆದ್ರೆ ತುದಿಲಿರೋ ತಗಡಿನ ಬಾವುಟ ಹಿಂದಕ್ಕೆ ಹಾರ್ತಿದೆ! ಹಿಂದಿನ ಗಾಳಿ ತಳ್ಳೋ ಹಡಗು ಆ ಗಾಳಿಗಿಂತ ನಿಧಾನಕ್ಕೇ ಹೋಗೋದು, ಹಾಗಾಗಿ ಬಾವುಟನೂ ಮುಂದಕ್ಕೇ ಹಾರ್ಬೇಕು. ಇವ್ರು ನವೆಂಬರಲ್ಲಿ ಆಟೋಗೆ ಕಟ್ಟಿರೋ ಬಾವುಟ ನೋಡ್ಕೊಂಡು ಮಾಡಿದಂಗಿದೆ. ಅಂಗಡಿಯವ್ರಿಗೆ ಹೇಳಿದ್ರೆ "ಅದನ್ನೆಲ್ಲ ಯಾರ್ ನೋಡ್ತಾರೆ ಸಾರ್" ಅಂದ್ರು. ನಾನ್ ನೋಡ್ದೆ ಅಲ್ವಾ ಸ್ವಾಮಿ!

ಇನ್ನೊಂದು, ಹಾಯಿ ಕಟ್ಟಿರೋ ಅಡ್ಡಕೋಲುಗಳನ್ನ ಗಮ್ ಹಾಕಿ ಅಂಟಿಸಿಬಿಟ್ಟಿದಾರೆ. ನಿಜವಾದ ಹಡಗಲ್ಲಿ ಗಾಳಿ ಪಕ್ಕದಿಂದ ಬಂದ್ರೆ ಹಗ್ಗ ಎಳೆದು ಆ ಕೋಲನ್ನೇ ಓರೆಯಾಗಿ ತಿರುಗಿಸ್ತಾರೆ, ಎದುರು ಗಾಳಿಗಂತೂ ನೇರ ಹೋಗಕ್ಕಾಗಲ್ಲ, ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಅಂತ ಅಂಕುಡೊಂಕಾಗಿ ಹೋಗ್ಬೇಕು. ಕೋಲು ತಿರುಗೋ ಹಾಗಿದ್ದಿದ್ರೆ ಮಕ್ಕಳಿಗೆ ಇದನ್ನೆಲ್ಲ ತೋರಿಸಬಹುದಿತ್ತು, ಬರೀ ಒಂದು ಮೊಳೆ ಖರ್ಚು.

ನನ್ ಮಗಳು ಸುಮ್ನಿರದೆ ಟಬ್ಬಲ್ಲಿ ಬಿಟ್ಟು ಪಕ್ಕದಿಂದ ಟೇಬಲ್ ಫ್ಯಾನ್ ಹಾಕಿದ್ಲು. ತಳ ಚಪ್ಪಟೆ, ಕೆಳಗೆ ನೀರು ಹಿಡ್ಕೊಳ್ಳೋ ಪಟ್ಟಿ ಏನೂ ಇಲ್ಲ, ಹಾಗಾಗಿ ಮುಂದಕ್ಕೆ ಹೋಗೋದು ಬಿಟ್ಟು ಅಡ್ಡಡ್ಡ ಜಾರ್ಕೊಂಡು ಟಬ್ಬಿನ ಗೋಡೆಗೆ ಒತ್ಕೊಂಡು ನಿಂತ್ಕೊಳ್ತು. ಶೋಪೀಸ್ ಅಂತ ಮಾರಿರೋದು, ಅದಕ್ಕೆ ಇದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ.

ಐದಕ್ಕೆ ಮೂರೂವರೆ. ಗೃಹಪ್ರವೇಶಕ್ಕೆ ಗಿಫ್ಟ್ ಕೊಡೋರು ಕಣ್ಮುಚ್ಕೊಂಡು ತಗೊಳ್ಳಿ, ಬಾವುಟ ತೆಳು ತಗಡು, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ್ರೆ ಮುಂದಕ್ಕೆ ಬರತ್ತೆ, ಪೇಂಟ್ ಏನೂ ಕಿತ್ಕೊಳ್ಳಲ್ಲ.