ಆನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂ: ದೋಣಿಗಿಂತ ಹೆಂಗಸರನ್ನು ನೋಡಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿ, ಫೈಫ್ ಸೀಮೆಯ ಸಣ್ಣ ಊರು ಆನ್‌ಸ್ಟ್ರದರ್. ಜನ ಅಲ್ಲಿಗೆ ಹೋಗುವುದು ಫಿಶ್ ಆ್ಯಂಡ್ ಚಿಪ್ಸ್ ತಿನ್ನಲು. ಮಗಳು ನನ್ನನ್ನೂ ಅದಕ್ಕೇ ಕರೆದೊಯ್ದಳು. ಮೀನು ತಾಜಾ ಇತ್ತು, ಸುಳ್ಳು ಹೇಳಬಾರದು. ಆದರೆ ಉಪ್ಪು, ವಿನೆಗರ್ ಬಿಟ್ಟು ಬೇರೇನೂ ಸೋಕದ ಮೀನನ್ನು ಮಲ್ಪೆಯವಳು ಎಷ್ಟು ಅಂತ ಹೊಗಳಿಯಾಳು? ನಾನು ಹೇಳಬೇಕಾದದ್ದು ಬಂದರಿನ ಎದುರಿಗೇ ಇರುವ ಸ್ಕಾಟಿಷ್ ಫಿಶರೀಸ್ ಮ್ಯೂಸಿಯಂ ಬಗ್ಗೆ.

1969ರಲ್ಲಿ ತೆರೆದದ್ದು. ದೋಣಿಯ ಹುಚ್ಚಿರುವ ಗಂಡಸರು 1903ರ ‘ರಿಸರ್ಚ್’ ಎಂಬ ಹಾಯಿದೋಣಿಯ ಮುಂದೆ ನಿಂತರೆ ಕದಲುವುದಿಲ್ಲ. ಅದು ‘ಜುಲು’ ಜಾತಿಯ ದೋಣಿ. ಆ ಮಾದರಿ ಮೊದಲು ಕಟ್ಟಿದ 1879ರಲ್ಲಿ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲು ಜನಕ್ಕೂ ಯುದ್ಧ ನಡೆಯುತ್ತಿತ್ತಂತೆ, ಅದೇ ಹೆಸರು ಅಂಟಿತು. ಮ್ಯೂಸಿಯಂನದೇ ಇನ್ನೊಂದು, 1902ರ ‘ರೀಪರ್’, ಒಮ್ಮೆ ಶೆಟ್ಲೆಂಡ್ ಕಡೆ ಒಂದೇ ಸಲಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಹೆರಿಂಗ್ ಹಿಡಿದು ತಂದಿತ್ತು. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದಾಯಾದಿ.

ಅಷ್ಟು ಮೀನು ದಕ್ಕೆಗೆ ಬಂದರೆ ಹೊಟ್ಟೆ ಸೀಳಿ ಉಪ್ಪು ಹಾಕುವವರು ಯಾರು? ಮ್ಯೂಸಿಯಂನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಮೂವರು ಹೆಂಗಸರ ಒಂದೊಂದು ತಂಡ: ಇಬ್ಬರು ಕರುಳು ತೆಗೆಯುವುದು, ಒಬ್ಬಳು ಪೀಪಾಯಿಯಲ್ಲಿ ಮೀನು, ಉಪ್ಪು, ಮೀನು, ಉಪ್ಪು ಎಂದು ಒತ್ತಾಗಿ ಜೋಡಿಸುವುದು. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿ ದಾರ ಕಟ್ಟುತ್ತಿದ್ದರು. ಚಾಕು ತಗುಲಿದ ಗಾಯಕ್ಕೆ ಉಪ್ಪು ಇಳಿದರೆ ಹೇಗಿರುತ್ತದೆ ಅಂತ ಮೀನು ಕೊಯ್ದ ಯಾರನ್ನಾದರೂ ಕೇಳಿ. ವ್ಯಾಪಾರಿಗಳು ಸೀಸನ್ನಿಗೆ ಮೊದಲೇ ಮುಂಗಡ ಕೊಟ್ಟು ಇವರನ್ನು ಬುಕ್ ಮಾಡುತ್ತಿದ್ದರು. ಕೂಲಿ ಪೀಪಾಯಿ ಲೆಕ್ಕದಲ್ಲಿ, ಮೂವರಿಗೂ ಹಂಚಿಕೆ. ಮೀನು ಹೋದ ಕಡೆ ಇವರೂ: ಉತ್ತರದ ಶೆಟ್ಲೆಂಡಿನಿಂದ ಇಂಗ್ಲೆಂಡಿನ ಯಾರ್ಮತ್ ತನಕ, ಪೆಟ್ಟಿಗೆ ಕಟ್ಟಿಕೊಂಡು ಹಡಗಿನಲ್ಲಿ, ರೈಲಿನಲ್ಲಿ. ಬಿಡುವಾದರೆ ಕೈಯಲ್ಲಿ ಹೆಣಿಗೆ. ಆ ಪೀಪಾಯಿಗಳು ಜರ್ಮನಿ, ರಷ್ಯಾಕ್ಕೆ ಹೋಗುತ್ತಿದ್ದವು. 1914ರ ಯುದ್ಧ ಆ ವ್ಯಾಪಾರದ ಬೆನ್ನು ಮುರಿಯಿತು.

ಸಮುದ್ರದಲ್ಲಿ ತೀರಿಕೊಂಡ ಮೀನುಗಾರರ ಸ್ಮಾರಕವೂ ಒಳಗೇ ಇದೆ. ನಾನು ಬೇಗ ಹೊರಬಂದೆ, ನಮ್ಮ ಕಡೆಯವರಿಗೆ ಅದು ಹೊಸದಲ್ಲ.

ಅರ್ಧ ದಿನ ಇಟ್ಟುಕೊಳ್ಳಿ. ಓದಲು ತಾಳ್ಮೆ ಇಲ್ಲದ ಮಕ್ಕಳು ರಗಳೆ ಮಾಡಿಯಾರು. ಊರಿನ ರೈಲು 1965ರಲ್ಲೇ ನಿಂತಿದೆ, ಬಸ್ಸು ಇಲ್ಲವೇ ಕಾರು. ಬೇಸಿಗೆಯಲ್ಲಿ ಹೋದರೆ ಬಂದರಿನಿಂದ ಐಲ್ ಆಫ್ ಮೇ ದ್ವೀಪಕ್ಕೆ ಬೋಟು ಸಿಗುತ್ತದೆ. ಸ್ಕಾಟ್ಲೆಂಡಿನ ಮೊದಲ ದೀಪಸ್ತಂಭ, ಕಲ್ಲಿದ್ದಲು ಉರಿಸುತ್ತಿದ್ದದ್ದು, 1636ರಲ್ಲಿ ಹೊತ್ತಿದ್ದು ಅಲ್ಲೇ. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳನ್ನು ನೋಡಬೇಕಿದ್ದರೆ ಜುಲೈ ಮುಗಿಯುವ ಮೊದಲೇ ಹೋಗಿ; ಆಗಸ್ಟ್ ಹೊತ್ತಿಗೆ ಅವು ಕಡಲಿಗೆ ಹೊರಟಿರುತ್ತವೆ.